ಪವನಾ ದಂಡೆಯಲ್ಲಿ ಮನೆ: ಸಡಿಲಿಕೆ ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ?

ಪ್ರಶ್ನೆ: ನಾನು ಬಾಗಲಕೋಟೆಯವನು. ಚಿಂಚವಾಡದಲ್ಲಿ ನೆಲೆಸಿ ಇಪ್ಪತ್ತು ವರ್ಷದ ಮೇಲಾಯಿತು. ನಿವೃತ್ತಿಯ ನಂತರ ಇರಲೆಂದು ಮಾವಳ ತಾಲೂಕಿನಲ್ಲಿ, ಪವನಾ ಅಣೆಕಟ್ಟಿನ ಹಿನ್ನೀರಿನ ಪಕ್ಕ 14 ಗುಂಟೆ ಜಾಗ ನೋಡಿ ಟೋಕನ್ ಕೊಟ್ಟಿದ್ದೇನೆ. ಖರೇದಿ ಇನ್ನೂ ಆಗಿಲ್ಲ. ಮಾಲೀಕರ ಮೂರು ಎಕರೆಯಲ್ಲಿ ಇದೊಂದು ತುಂಡು. ಜಾಗ ಹಸಿರು ಝೋನಿನಲ್ಲಿದೆಯಂತೆ. ಆರ್ಕಿಟೆಕ್ಟ್ ಹಾಕಿಕೊಟ್ಟ ನಕ್ಷೆಯಲ್ಲಿ ಮನೆ ನೀರಿಗೆ ತೀರಾ ಹತ್ತಿರ ಇದೆ, ಒಂದು ಬದಿಯ ಮಾರ್ಜಿನ್ ಕೂಡ ಕಡಿಮೆ. 'ಸ್ಪೆಷಲ್ ಪರ್ಮಿಶನ್ ತಗೊಂಡರಾಯ್ತು' ಅನ್ನುತ್ತಾರೆ ಏಜೆಂಟ್. ಅಮೆರಿಕದ ಮಿನೆಸೋಟಾದಲ್ಲಿರುವ ನಮ್ಮ ಭಾವ ಸರೋವರದ ದಂಡೆಯಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ 'ವೇರಿಯನ್ಸ್' ಅಂತ ಅರ್ಜಿ ಹಾಕಿ ನಿಯಮದಿಂದ ವಿನಾಯಿತಿ ಪಡೆದಿದ್ದರು. ಇಲ್ಲಿ ಹಾಗೆ ಸಿಗುತ್ತದಾ? ಅರ್ಜಿ ಹೇಗೆ ಹಾಕಬೇಕು?

ಉತ್ತರ: ಖರೇದಿ ಇನ್ನೂ ಆಗಿಲ್ಲ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ ಮಾತು ಅದೇ. ದಂಡೆಯ ಜಾಗದ ವಿಚಾರದಲ್ಲಿ ಜನ ಸಾಮಾನ್ಯವಾಗಿ ಖರೇದಿ ಮುಗಿಸಿ, ಬೇಲಿ ಹಾಕಿ, ಬೋರ್ ಹೊಡೆಸಿ, ಆಮೇಲೆ ಕೇಳಲು ಬರುತ್ತಾರೆ. ಆಗ ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಪುಣೆಯ ಸುತ್ತ ಇಂಥ ನಕ್ಷೆಗಳ ಕೆಲಸದಲ್ಲೇ ಇರುವವನಾಗಿ ಮೊದಲು ಒಂದು ಗಂಟು ಬಿಚ್ಚುತ್ತೇನೆ. ನೀವು ಒಂದೇ ಪ್ರಶ್ನೆ ಕೇಳಿದ್ದೀರಿ, ಆದರೆ ಅದರಲ್ಲಿ ಮೂರು ಅಡ್ಡಿಗಳು ಸೇರಿಕೊಂಡಿವೆ. ಒಂದು, ಹಸಿರು ಝೋನು, ಅಂದರೆ ಯೋಜನೆಯಲ್ಲಿ ಕೃಷಿಗೆ ಇಟ್ಟ ವಲಯ. ಎರಡು, ನೀರಿನ ರೇಖೆ. ಮೂರು, ಪಕ್ಕದ ಮಾರ್ಜಿನ್, ಅಂದರೆ ಮನೆಗೂ ಜಾಗದ ಗಡಿಗೂ ನಡುವೆ ಖಾಲಿ ಬಿಡಬೇಕಾದ ಅಂತರ. ಏಜೆಂಟರು ಮೂರಕ್ಕೂ ಸೇರಿಸಿ 'ಸ್ಪೆಷಲ್ ಪರ್ಮಿಶನ್' ಅನ್ನುತ್ತಾರೆ. ನಿಜವಾಗಿ ಸಡಿಲಿಕೆಯ ಅರ್ಜಿ ನಡೆಯುವುದು ಮೂರನೆಯದಕ್ಕೆ ಮಾತ್ರ. ಮೊದಲನೆಯದಕ್ಕೆ ಬೇರೆ ದಾರಿ ಇದೆ, ಅದು ನಿಮ್ಮ ಜಾಗಕ್ಕೆ ಅನ್ವಯಿಸಿದರೆ. ಎರಡನೆಯದಕ್ಕೆ ದಾರಿಯೇ ಇಲ್ಲ ಅಂತ ಇಟ್ಟುಕೊಂಡು ಹೊರಡುವುದು ಒಳ್ಳೆಯದು.

ನಿಮ್ಮ ಭಾವನ ವಿಷಯಕ್ಕೆ ಬರೋಣ, ಯಾಕೆಂದರೆ ಅಲ್ಲಿಂದ ಕಲಿಯುವುದು ಇದೆ. ಮಿನೆಸೋಟಾದಲ್ಲಿ ಸರೋವರಗಳನ್ನು ವರ್ಗ ಮಾಡಿಟ್ಟಿದ್ದಾರೆ. ನೀರು ಸಾಮಾನ್ಯವಾಗಿ ಏರಿ ನಿಂತು ದಡದಲ್ಲಿ ಗುರುತು ಬಿಡುವ ಮಟ್ಟ ಒಂದಿರುತ್ತದೆ. ಅಲ್ಲಿಂದ ಮನೆ ಎಷ್ಟು ದೂರ ಇರಬೇಕು ಎನ್ನುವುದು ಸರೋವರದ ವರ್ಗದ ಮೇಲೆ ನಿಂತಿದೆ. ಒಳಚರಂಡಿ ಇಲ್ಲದ ಕಡೆ ರಾಜ್ಯದ ಕನಿಷ್ಠ ಲೆಕ್ಕ ಹೀಗೆ: ಜಾಸ್ತಿ ಮನೆಗಳಿರುವ ಸರೋವರಕ್ಕೆ 75 ಅಡಿ, ವಿಹಾರದ ಸರೋವರಕ್ಕೆ 100 ಅಡಿ, ಕಾಡಿನಂತೆ ಉಳಿದಿರುವುದಕ್ಕೆ 150 ಅಡಿ. ನಿವೇಶನದ ಕಾಲು ಭಾಗಕ್ಕಿಂತ ಹೆಚ್ಚು ಜಾಗವನ್ನು ನೀರು ಇಂಗದಂಥ ಚಾವಣಿ, ಕಾಂಕ್ರೀಟು ಮುಚ್ಚಬಾರದು. ಈ ದೂರದಲ್ಲಿ ಸ್ವಲ್ಪ ಬಿಟ್ಟುಕೊಡಿ ಎಂದು ಕೇಳುವುದೇ ವೇರಿಯನ್ಸ್. ಸುತ್ತಲಿನ ಮನೆಯವರಿಗೆ ನೋಟಿಸು ಹೋಗುತ್ತದೆ, ಬಹಿರಂಗ ವಿಚಾರಣೆ ನಡೆಯುತ್ತದೆ, ಪಕ್ಕದ ಮನೆಯವರು ಎದ್ದು ನಿಂತು ವಿರೋಧಿಸಬಹುದು.

ಸಿಗುವುದಾದರೂ ಯಾವಾಗ? ಮೊದಲು 'ಅನುಚಿತ ಕಷ್ಟ' ತೋರಿಸಬೇಕಿತ್ತು. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಮಾತನ್ನು ತೀರಾ ಬಿಗಿಯಾಗಿ ಅರ್ಥ ಮಾಡಿತು. ವಿನಾಯಿತಿ ಸಿಗುವುದೇ ಕಷ್ಟವಾಯಿತು. 2011ರಲ್ಲಿ ಶಾಸನಸಭೆ ಕಾನೂನು ತಿದ್ದಿ 'ಪ್ರಾಯೋಗಿಕ ತೊಡಕು' ಎಂಬ ಅಳತೆ ತಂದಿತು. ಈಗ ಮೂರು ವಿಷಯ ನೋಡುತ್ತಾರೆ. ಕೇಳುತ್ತಿರುವ ಬಳಕೆ ಸಮಂಜಸವೇ? ತೊಡಕು ಆ ಜಾಗಕ್ಕೇ ವಿಶೇಷವಾದದ್ದೇ, ಮಾಲೀಕ ತಾನೇ ಮಾಡಿಕೊಂಡದ್ದಲ್ಲವೇ? ಮನೆ ಬಂದರೆ ಆ ಪ್ರದೇಶದ ಸ್ವರೂಪ ಕೆಡುವುದಿಲ್ಲವೇ? ಬರೀ ದುಡ್ಡಿನ ಕಾರಣ ಸಾಲದು. ಇನ್ನೊಂದು ಮುಖ್ಯ ಮಾತು: ಆ ಝೋನಿನಲ್ಲಿ ಅನುಮತಿಯೇ ಇಲ್ಲದ ಬಳಕೆಯನ್ನು ಅಲ್ಲಿ ವೇರಿಯನ್ಸ್ ಮೂಲಕ ಕೊಡುವಂತಿಲ್ಲ. ಅಂದರೆ ನಿಮ್ಮ ಭಾವನ ಜಾಗ ವಸತಿಗೇ ಇದ್ದದ್ದು, ಅಲ್ಲಿ ಮೊದಲೇ ಮನೆ ಇತ್ತು. ಅವರು ಕೇಳಿದ್ದು ಕೆಲವು ಅಡಿಗಳನ್ನು ಮಾತ್ರ. ನೀವು ಕೇಳಲು ಹೊರಟಿರುವುದು ಹೊಲದಲ್ಲಿ ಬಂಗಲೆ. ಅಲ್ಲಿನ ಮಂಡಳಿಯ ಮುಂದೆ ಇಟ್ಟರೂ ಅದು ವೇರಿಯನ್ಸ್ ಅರ್ಜಿ ಆಗುವುದಿಲ್ಲ.

ಈಗ ಇಲ್ಲಿಗೆ ಬರೋಣ. ಮಾವಳ ತಾಲೂಕಿನ ಹಳ್ಳಿಗಳಿಗೆ ಹೆಚ್ಚಾಗಿ ಪಿಎಂಆರ್‌ಡಿಎ, ಅಂದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೇ ಯೋಜನಾ ಪ್ರಾಧಿಕಾರ. ಕಟ್ಟಡದ ನಿಯಮ 2020ರ ಡಿಸೆಂಬರಿನಲ್ಲಿ ರಾಜ್ಯಕ್ಕೆಲ್ಲ ಬಂದ ಏಕೀಕೃತ ನಿಯಮಾವಳಿ, ಎಲ್ಲರೂ ಯುಡಿಸಿಪಿಆರ್ ಅನ್ನುವುದು. ಮೇಲೆ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ, ಅಂದರೆ ಎಂಆರ್‌ಟಿಪಿ. ಯುಡಿಸಿಪಿಆರ್‌ನಲ್ಲಿ ಸಡಿಲಿಕೆಯ ಕಲಂ ನಿಜಕ್ಕೂ ಇದೆ. ಎದ್ದು ಕಾಣುವಂಥ, ತೋರಿಸಿಕೊಡಬಹುದಾದ ತೊಂದರೆ ಇದ್ದರೆ ಪ್ರಾಧಿಕಾರ ಕಾರಣ ಬರೆದಿಟ್ಟು ಅಳತೆಗಳನ್ನು ಬದಲಿಸಿ ಕೊಡಬಹುದು. ಆದರೆ ಅದೇ ಕಲಮಿನಲ್ಲಿ ಬೇಲಿಯೂ ಇದೆ. ಎಫ್‌ಎಸ್‌ಐ, ಅಂದರೆ ಜಾಗದ ಅಳತೆಗೆ ತಕ್ಕಂತೆ ಒಟ್ಟು ಎಷ್ಟು ಕಟ್ಟಬಹುದು ಎಂಬ ಮಿತಿ, ಸಡಿಲಿಸುವಂತಿಲ್ಲ. ರಸ್ತೆ ಕಡೆಯಿಂದ ಬಿಡಬೇಕಾದ ಜಾಗ ಸಡಿಲಿಸುವಂತಿಲ್ಲ. ಪಾರ್ಕಿಂಗ್ ಸಡಿಲಿಸುವಂತಿಲ್ಲ. ಬೆಂಕಿ, ಕಟ್ಟಡದ ಭದ್ರತೆ, ಆರೋಗ್ಯ, ನೆರೆಯವರ ಸುರಕ್ಷತೆ ಇವಕ್ಕೆ ಧಕ್ಕೆ ಬರಬಾರದು. ಕೊಟ್ಟರೂ ಷರತ್ತು ಹಾಕಬಹುದು, ಪ್ರೀಮಿಯಂ, ಅಂದರೆ ಹೆಚ್ಚುವರಿ ಶುಲ್ಕ, ಕಟ್ಟಿಸಿಕೊಳ್ಳಬಹುದು. ಉಳಿಯುವುದೇನು? ಪಕ್ಕದ ಮಾರ್ಜಿನ್, ಹಿಂದಿನ ಮಾರ್ಜಿನ್, ಅಂಥ ಕೆಲವು ಅಳತೆಗಳು. ಝೋನು ಅಳತೆಯಲ್ಲ. ಪ್ರವಾಹ ರೇಖೆಯೂ ಅಳತೆಯಲ್ಲ. ಅದನ್ನು ಹಾಕಿದ್ದು ಜಲಸಂಪನ್ಮೂಲ ಇಲಾಖೆ, ಪಿಎಂಆರ್‌ಡಿಎ ಅದನ್ನು ಅಳಿಸಲಾರದು.

ಆ ರೇಖೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಂಡೆಯ ಜಾಗ ಕೊಳ್ಳುವವರು ಜಾಸ್ತಿ ಎಡವುವುದು ಇಲ್ಲೇ.

ನದಿಗೆ ಮಹಾರಾಷ್ಟ್ರದಲ್ಲಿ ಎರಡು ರೇಖೆ. ಸರಾಸರಿ 25 ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರುವುದು ಕೆಂಪು ರೇಖೆ. ನದಿಯಿಂದ ನೀಲಿ ರೇಖೆಯವರೆಗೆ ನಿಷಿದ್ಧ ಪಟ್ಟಿ. ತೋಟ, ಹುಲ್ಲುಹಾಸು, ತೆರೆದ ಪಾರ್ಕಿಂಗ್ ಇಂಥವು ಬಿಟ್ಟು ಹೊಸ ಕಟ್ಟಡ ಇಲ್ಲ. ನೀಲಿ ಮತ್ತು ಕೆಂಪು ರೇಖೆಯ ನಡುವೆ ಕಟ್ಟಬಹುದು, ಆದರೆ ಪ್ಲಿಂತ್ (ಮನೆಯ ನೆಲಗಟ್ಟು) ಕೆಂಪು ರೇಖೆಯ ಮಟ್ಟಕ್ಕಿಂತ 0.45 ಮೀಟರ್ ಮೇಲಿರಬೇಕು. ನಿಮ್ಮ ಜಾಗ ಅಣೆಕಟ್ಟಿನ ಕೆಳಗೆ, ಪವನಾ ನದಿಯ ದಡದಲ್ಲಿದ್ದಿದ್ದರೆ ಇಷ್ಟು ಸಾಕಿತ್ತು. ನಿಮ್ಮದು ಹಿನ್ನೀರಿನ ಕಡೆ. ಅಲ್ಲಿ ಇನ್ನೆರಡು ಮಟ್ಟ ತಿಳಿಯಬೇಕು. ಅಣೆಕಟ್ಟು ತುಂಬಿದಾಗ ನೀರು ನಿಲ್ಲುವ ಮಟ್ಟ ಒಂದು, ಅದನ್ನು ಎಫ್‌ಆರ್‌ಎಲ್ ಅನ್ನುತ್ತಾರೆ. ಮಹಾಪೂರ ಬಂದಾಗ ಏರಬಹುದಾದ ಗರಿಷ್ಠ ಮಟ್ಟ ಇನ್ನೊಂದು, ಎಚ್‌ಎಫ್‌ಎಲ್. ಇವೆರಡಕ್ಕೂ ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಅಂಕಿ ಇದೆ. ಆ ಅಣೆಕಟ್ಟನ್ನು ನೋಡಿಕೊಳ್ಳುವ ಇಲಾಖೆಯ ವಿಭಾಗದಲ್ಲಿ, ಕಾರ್ಯನಿರ್ವಾಹಕ ಇಂಜಿನಿಯರ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು.

ಇವೆರಡರ ಜೊತೆಗೆ ಮೂರನೆಯದೊಂದು ಇದೆ, ಅದನ್ನು ಯಾವ ಏಜೆಂಟರೂ ಹೇಳುವುದಿಲ್ಲ: ಭೂಸ್ವಾಧೀನದ ಗಡಿ. ಅಣೆಕಟ್ಟು ಕಟ್ಟುವಾಗ ಸರ್ಕಾರ ನೀರು ನಿಲ್ಲುವಷ್ಟೇ ಜಾಗ ಅಳೆದು ತೆಗೆದುಕೊಳ್ಳಲಿಲ್ಲ, ಅದಕ್ಕಿಂತ ಮೇಲಿನ ಪಟ್ಟಿಯೂ ಅದರ ಕೈಗೆ ಬಂದಿರುತ್ತದೆ. ಹಾಗಾಗಿ 'ಲೇಕ್ ಟಚ್' ಅಂತ ಮಾರುವ ಜಾಗದ ಮುಂದೆ ಇಲಾಖೆಯ ನೆಲ ಬಂದೇ ಬರುತ್ತದೆ, ಎಷ್ಟು ಅಗಲ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಯಲಾಗುವ ಹೂಳುನೆಲವನ್ನು 'ಗಾಳಪೇರ' ಅಂತ ರೈತರಿಗೆ ತಾತ್ಕಾಲಿಕವಾಗಿ ಬಿತ್ತಲು ಕೊಡುವ ಪದ್ಧತಿ ಇದೆ. ಹೊರಗಿನವರಿಗೆ ಅದು ಮಾಲೀಕನ ಹೊಲದ ಹಾಗೇ ಕಾಣುತ್ತದೆ. ಮೇ ತಿಂಗಳಲ್ಲಿ ನಿಮ್ಮನ್ನು ಕರೆದುಕೊಂಡು ಹೋಗಿ, ತಿಕೋನಾ ಕೋಟೆ ಎದುರಿಗಿಟ್ಟು, 'ಅಲ್ಲಿವರೆಗೆ ನಮ್ಮದೇ ಸಾಹೇಬ್ರೆ' ಅಂತ ಕೈ ತೋರಿಸಿದರೆ ಆ ಕೈ ಸರ್ಕಾರದ ಜಾಗದ ಕಡೆಗೇ ಇರಬಹುದು. ನೀವು ಜಾಗ ನೋಡಿದ್ದು ಯಾವ ತಿಂಗಳು ಅಂತ ಬರೆದಿಲ್ಲ. ಬೇಸಿಗೆಯಾಗಿದ್ದರೆ ಆಗಸ್ಟ್ ಕೊನೆಗೆ, ಅಣೆಕಟ್ಟು ತುಂಬಿ ಬಾಗಿಲು ತೆಗೆಯುವ ಹೊತ್ತಿಗೆ ಇನ್ನೊಮ್ಮೆ ಹೋಗಿ ನೋಡಿ.

ಎಷ್ಟು ವ್ಯತ್ಯಾಸ ಬರಬಹುದು ಅಂದರೆ, ದಂಡೆ 20 ಮೀಟರಿಗೆ 1 ಮೀಟರ್ ಏರುವ ಇಳಿಜಾರು ಅಂತ ಇಟ್ಟುಕೊಳ್ಳಿ. ನೀರಿನ ಮಟ್ಟದಲ್ಲಿ 1 ಮೀಟರ್ ಹೆಚ್ಚು ಕಡಿಮೆಯಾದರೆ ದಡ 20 ಮೀಟರ್ ಆಚೀಚೆ ಸರಿಯುತ್ತದೆ. ಆದ್ದರಿಂದ ಟೇಪು ಹಿಡಿದು ನೀರಿನ ಅಂಚಿನಿಂದ ಅಳೆಯುವುದಕ್ಕೆ ಅರ್ಥವಿಲ್ಲ. ಸರ್ವೇಯರ್ ಬಂದು, ಇಲಾಖೆಯ ಬೆಂಚ್‌ಮಾರ್ಕಿನಿಂದ ಮಟ್ಟ ತಂದು, ನಿಮ್ಮ 14 ಗುಂಟೆಯ ಮೇಲೆ ಅರ್ಧ ಮೀಟರಿಗೊಂದು ಕಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಎಳೆದು, ಅದರ ಮೇಲೆ ಎಫ್‌ಆರ್‌ಎಲ್, ಎಚ್‌ಎಫ್‌ಎಲ್ ಮತ್ತು ಸ್ವಾಧೀನದ ಗಡಿ ಮೂರನ್ನೂ ಗುರುತು ಮಾಡಬೇಕು. ಈ ನಕ್ಷೆ ಆಗದೆ ಆರ್ಕಿಟೆಕ್ಟ್ ಮನೆ ಎಲ್ಲಿ ಕೂರಿಸಿದರು ಅನ್ನುವುದೇ ನನಗೆ ಅರ್ಥವಾಗುವುದಿಲ್ಲ. ಅವರು ಗೂಗಲ್ ಮ್ಯಾಪಿನ ಮೇಲೆ ಹಾಕಿರಬೇಕು.

ರೇಖೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂದು ನಿಮ್ಮ ಚಿಂಚವಾಡದ ಪಕ್ಕದಲ್ಲೇ ಕಂಡಿದ್ದೀರಿ. ಚಿಖಲಿಯಲ್ಲಿ ಇಂದ್ರಾಯಣಿಯ ನೀಲಿ ರೇಖೆಯೊಳಗೆ ಎದ್ದಿದ್ದ 36 ಬಂಗಲೆಗಳನ್ನು ಪಾಲಿಕೆ 2025ರ ಮೇ ತಿಂಗಳಲ್ಲಿ ನೆಲಸಮ ಮಾಡಿತು. ಮೊದಲು ಹಸಿರು ನ್ಯಾಯಮಂಡಳಿ ಆದೇಶ, ಆಮೇಲೆ ಸುಪ್ರೀಂ ಕೋರ್ಟಿನಲ್ಲೂ ಅದೇ ನಿಂತಿತು. ಅಲ್ಲಿ ಮನೆ ಕೊಂಡವರಲ್ಲಿ ಬಹಳ ಜನ ಸಾಲ ಮಾಡಿ ಕೊಂಡ ಸಂಬಳದವರು. ನೋಂದಣಿ ಆಗಿತ್ತು, ವಿದ್ಯುತ್ ಮೀಟರ್ ಬಂದಿತ್ತು, ತೆರಿಗೆ ಕಟ್ಟುತ್ತಿದ್ದರು. ಯಾವುದೂ ಉಳಿಸಲಿಲ್ಲ. ಆ ನ್ಯಾಯಮಂಡಳಿಯ ಪಶ್ಚಿಮ ಪೀಠ ಇರುವುದೂ ಪುಣೆಯಲ್ಲೇ, ದೂರು ಕೊಡುವವರಿಗೆ ದೂರವೇನಿಲ್ಲ.

ಇನ್ನು ಕೆಲವರು ನಿಮಗೆ ಉಲ್ಟಾ ಸಮಾಧಾನ ಹೇಳಬಹುದು: 'ಇದು ಜೌಗು ಪ್ರದೇಶದ ನಿಯಮಕ್ಕೆ ಬರುವುದಿಲ್ಲ, ಮನುಷ್ಯ ಕಟ್ಟಿದ ಕೆರೆ'. ಆ ಮಾತು ಅರ್ಧ ಸರಿ. 2017ರ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರಿಗೆ, ನೀರಾವರಿಗೆ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿವೆ. ಆದರೆ ಅದರಿಂದ ಇಲಾಖೆಯ ರೇಖೆಗಳು ಎಲ್ಲೂ ಹೋಗುವುದಿಲ್ಲ. ಹಾಗೇ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ತೋರಿಸಿ ಹೆದರಿಸುವವರೂ ಇದ್ದಾರೆ. 2024ರ ಜುಲೈನಲ್ಲಿ ಮತ್ತೆ ಹೊರಬಂದ ಆ ಕರಡು ತಡೆಯಲು ಹೊರಟಿರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳನ್ನು. ನಿಮ್ಮ ಒಂದು ಮನೆಗೆ ಅದು ಅಡ್ಡಿಯಲ್ಲ.

ಈಗ ಹಸಿರು ಝೋನು. ಇಲ್ಲಿ ನಿಮ್ಮ 14 ಗುಂಟೆಯೇ ತೊಡಕು. ಕೃಷಿ ಝೋನಿನಲ್ಲಿ ತೋಟದ ಮನೆಗೆ ಅವಕಾಶ ಇದೆ, ಆದರೆ ಕನಿಷ್ಠ 0.4 ಹೆಕ್ಟೇರ್, ಅಂದರೆ ಸುಮಾರು 40 ಗುಂಟೆ ಬೇಕು, ಅಲ್ಲಿ ಬೇಸಾಯವೂ ನಡೆಯುತ್ತಿರಬೇಕು. ಮಹಾರಾಷ್ಟ್ರದ ಭೂಕಂದಾಯ ಸಂಹಿತೆಯ ಪ್ರಕಾರ ವಾಸಕ್ಕೆ ಬಳಸುವ ತೋಟದ ಮನೆಯ ಪ್ಲಿಂತ್ 150 ಚದರ ಮೀಟರ್ ದಾಟುವಂತಿಲ್ಲ, ಜಮೀನು ಎಷ್ಟೇ ದೊಡ್ಡದಿರಲಿ. ಇಬ್ಬರಿಗೆ ಅದು ಧಾರಾಳ ಆಯಿತು ಅಂತ ನನ್ನ ಅನಿಸಿಕೆ. ಆದರೆ 14 ಗುಂಟೆಗೆ ಆ ಬಾಗಿಲು ತೆರೆಯುವುದೇ ಇಲ್ಲ. ಕನಿಷ್ಠ ಜಮೀನಿನ ಷರತ್ತಿಗೆ ಸಡಿಲಿಕೆ ಕೇಳಬಹುದಾ ಎಂದರೆ, ನನ್ನ ಮಟ್ಟಿಗೆ ಅದು ಅಂಚೆ ಖರ್ಚು ಅಷ್ಟೇ.

ಅದಕ್ಕೂ ಮೊದಲು, ಮೂರು ಎಕರೆಯಿಂದ 14 ಗುಂಟೆ ಕತ್ತರಿಸಿ ಕೊಡುವುದೇ ಆಗುತ್ತದಾ ನೋಡಿ. ಕೃಷಿ ಜಮೀನನ್ನು ತೀರಾ ಸಣ್ಣ ತುಂಡು ಮಾಡದಂತೆ ತಡೆಯುವ 1947ರ ತುಕಡೇಬಂದಿ ಕಾಯ್ದೆ ಇನ್ನೂ ಜೀವಂತ. 2023ರಲ್ಲಿ ನಿಗದಿಯಾದ ಕನಿಷ್ಠ ಅಳತೆ ಜಿರಾಯತಿ ಜಮೀನಿಗೆ 20 ಗುಂಟೆ, ನೀರಾವರಿಯ ಬಾಗಾಯತಿಗೆ 10 ಗುಂಟೆ. ನಿಮ್ಮದು ಮಳೆ ನಂಬಿದ ಜಿರಾಯತಿ ಅಂತ ಸಾತ್‌ಬಾರಾದಲ್ಲಿ (ನಮ್ಮ ಪಹಣಿಯಂಥ ದಾಖಲೆ) ಇದ್ದರೆ 14 ಗುಂಟೆಯ ತುಂಡು ನಿಲ್ಲುವುದಿಲ್ಲ. 'ಹಿಸ್ಸೆ ಇಟ್ಟುಕೊಂಡು ಎಲ್ಲರ ಹೆಸರು ಸೇರಿಸಿ ಮಾಡೋಣ' ಎನ್ನುವ ಉಪಾಯ ಹೇಳುತ್ತಾರೆ. ಆಗ ನೀವು ಮಾಲೀಕರ ಜಂಟಿ ಹಕ್ಕುದಾರ ಆಗುತ್ತೀರಿ. ಅವರ ಅಣ್ಣ ತಮ್ಮಂದಿರ ಜಗಳದಲ್ಲೂ ನಿಮಗೆ ಪಾಲು ಸಿಗುತ್ತದೆ.

ಮತ್ತೆ ನೀವೇ ಕೃಷಿಕರಾ? ನಮ್ಮ ಕಡೆಯವರು ಇಲ್ಲಿ ಬಹಳ ಸಲ ತಪ್ಪು ತಿಳಿಯುತ್ತಾರೆ. ಕರ್ನಾಟಕದಲ್ಲಿ 2020ರಲ್ಲಿ ಕಾನೂನು ತಿದ್ದಿ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅಂತ ಮಾಡಿದರು. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಗೇಣಿ ಕಾಯ್ದೆಯ 63ನೇ ಕಲಂ ಪ್ರಕಾರ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಕಲೆಕ್ಟರ್ ಅನುಮತಿ ಬೇಕು. ಬಾಗಲಕೋಟೆಯಲ್ಲಿ ನಿಮ್ಮ ಹೆಸರಿಗೆ ಹೊಲ ಇದ್ದರೆ ಪಹಣಿ ಮತ್ತು ಅಲ್ಲಿನ ತಹಶೀಲ್ದಾರರ ಕೃಷಿಕ ಪ್ರಮಾಣಪತ್ರ ತಂದು, ಅದನ್ನು ಒಪ್ಪುತ್ತಾರಾ ಅಂತ ಮಾವಳದ ತಹಶೀಲ್ದಾರರಿಂದ ಖರೇದಿಗೆ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ. ಅಪ್ಪನ ಹೆಸರಲ್ಲಿದೆ, ನನ್ನದೇ ಅಲ್ವಾ ಎನ್ನುವುದು ಕಚೇರಿಯಲ್ಲಿ ನಡೆಯುವ ಮಾತಲ್ಲ.

ಸಾತ್‌ಬಾರಾ ನೋಡುವಾಗ 'ಇತರ ಹಕ್ಕು' ಎಂಬ ಕಾಲಮ್ಮನ್ನೂ, ಭೋಗವಟದಾರ (ಹಿಡುವಳಿದಾರ) ವರ್ಗ 1 ಅಥವಾ 2 ಎಂಬುದನ್ನೂ ಓದಿ. ಪವನಾ ಭಾಗದಲ್ಲಿ ಅಣೆಕಟ್ಟಿಗೆ ಹೊಲ ಕಳೆದುಕೊಂಡವರ ಪುನರ್ವಸತಿ ಇನ್ನೂ ಮುಗಿಯದ ಕಥೆ. ಪುನರ್ವಸತಿಗೆ ಕೊಟ್ಟ ಜಮೀನು ವರ್ಗ 2ರಲ್ಲಿ ಇರುವುದುಂಟು, ಕಲೆಕ್ಟರ್ ಅನುಮತಿ ಇಲ್ಲದೆ ಅದು ಕೈ ಬದಲಾಗುವಂತಿಲ್ಲ. ಇದೊಂದು ಸಿಕ್ಕರೆ ಮುಂದಿನ ಯಾವ ಅರ್ಜಿಯೂ ಬೇಡ, ಟೋಕನ್ ವಾಪಸ್ ಕೇಳಿ.

ಹಾಗಾದರೆ ದಾರಿಯೇ ಇಲ್ಲವಾ? ಒಂದು ಇದೆ. ಗಾವಠಾಣದ, ಅಂದರೆ ಊರಿನ ಹಳೆ ವಸತಿ ಗಡಿಯ ಸುತ್ತ ಒಂದು ಪಟ್ಟಿಯಲ್ಲಿ ಹಸಿರು ಝೋನಿನಲ್ಲೂ ಪ್ರೀಮಿಯಂ ಕಟ್ಟಿ ವಸತಿಗೆ ಅನುಮತಿ ಪಡೆಯುವ ಅವಕಾಶ ನಿಯಮದಲ್ಲಿದೆ. ಪಟ್ಟಿ ಎಷ್ಟು ಅಗಲ ಎನ್ನುವುದು ಊರಿನ ಜನಸಂಖ್ಯೆ ನೋಡಿ ಬದಲಾಗುತ್ತದೆ. ನಿಮ್ಮ ಗಟ್ ನಂಬರು, ಅಂದರೆ ಜಮೀನಿನ ಸರ್ವೆ ನಂಬರು, ಅದರೊಳಗೆ ಬೀಳುತ್ತದಾ ಎನ್ನುವುದಕ್ಕೆ ಪಿಎಂಆರ್‌ಡಿಎಯಿಂದ ಝೋನ್ ದಾಖಲೆ ಮತ್ತು ಭಾಗ ನಕ್ಷೆ ತೆಗೆಸಿ. ಏಜೆಂಟರ ವಾಟ್ಸಾಪಿನಲ್ಲಿರುವ ಫೋಟೋ ಸಾಲದು, ನಿಮ್ಮ ಹೆಸರಿಗೆ, ಈ ವರ್ಷದ ತಾರೀಖಿನದು ಬೇಕು. 2021ರಲ್ಲಿ ಪಿಎಂಆರ್‌ಡಿಎ ಪ್ರಕಟಿಸಿದ ಕರಡು ಅಭಿವೃದ್ಧಿ ಯೋಜನೆಯ ನಕ್ಷೆಗಳು ಇನ್ನೂ ಮಾರ್ಕೆಟ್ಟಿನಲ್ಲಿ ಓಡಾಡುತ್ತಿವೆ. ಆ ಕರಡು ರದ್ದಾಗಿದೆ. ಅದರಲ್ಲಿ ಹಳದಿ ಬಣ್ಣ ಇತ್ತು, ವಸತಿ ಆಗುವುದಿತ್ತು ಅಂತ ತೋರಿಸಿದರೆ ಸುಮ್ನೆ ನಕ್ಕು ಬಿಡಿ.

ಝೋನನ್ನೇ ಬದಲಿಸಿಕೊಳ್ಳುವ ದಾರಿಯೂ ಕಾಗದದ ಮೇಲೆ ಇದೆ. ಪ್ರಾದೇಶಿಕ ಯೋಜನೆಗೆ ಎಂಆರ್‌ಟಿಪಿಯ 20ನೇ ಕಲಂ. ಅದು ರಾಜ್ಯ ಸರ್ಕಾರ ಮಾಡುವ ಕೆಲಸ. ನೋಟಿಸು, ಆಕ್ಷೇಪಣೆ, ವಿಚಾರಣೆ, ಗೆಜೆಟ್ ಎಲ್ಲ ಆಗಬೇಕು. ಒಬ್ಬರ 14 ಗುಂಟೆಗಾಗಿ ಅದನ್ನು ಹಿಡಿದು ಕೂರುವುದು ನಿವೃತ್ತಿಯ ಯೋಜನೆ ಆಗಲಾರದು.

ಸರಿ, ಜಾಗ ಗಾವಠಾಣದ ಪಟ್ಟಿಯಲ್ಲಿ ಬಿತ್ತು, ತುಕಡೇಬಂದಿ ತೊಂದರೆ ಇಲ್ಲ, ಖರೇದಿ ಮಾಡಬಹುದು ಅಂತ ಇಟ್ಟುಕೊಳ್ಳೋಣ. ಆಗ ಮನೆಯನ್ನು ಎಲ್ಲ ರೇಖೆಗಳ ಮೇಲಕ್ಕೆ ತನ್ನಿ. ಮೇಲಕ್ಕೆ ತಂದಾಗ ಜಾಗ ಕಿರಿದಾಗಿ ಒಂದು ಬದಿಯ ಮಾರ್ಜಿನ್ ಸಾಲದೆ ಬರಬಹುದು. ಈಗ ಬಂತು ನೋಡಿ ನಿಮ್ಮ ನಿಜವಾದ ಸಡಿಲಿಕೆ ಅರ್ಜಿ.

ಇದನ್ನು ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. ನಾನು ನೋಡಿದ ಅರ್ಜಿಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: 'ಅರ್ಜಿದಾರರು ಹಿರಿಯ ನಾಗರಿಕರು, ನೀರಿನ ನೋಟಕ್ಕಾಗಿ ದುಬಾರಿ ಬೆಲೆಗೆ ಜಾಗ ಕೊಂಡಿದ್ದಾರೆ, ದಯವಿಟ್ಟು ವಿಶೇಷ ಬಾಬು ಎಂದು ಪರಿಗಣಿಸಬೇಕು.' ಇದರಲ್ಲಿ ಜಾಗದ ಬಗ್ಗೆ ಒಂದು ಮಾತೂ ಇಲ್ಲ. ಕಷ್ಟ ನಿಮ್ಮದಾಗಿದ್ದರೆ ಸಾಲದು, ನೆಲದ್ದಾಗಿರಬೇಕು. ಹೀಗೆ ಬರೆಸಿ: 'ಗಟ್ ನಂಬರಿನ ಉತ್ತರ ಭಾಗದಲ್ಲಿ ಇಷ್ಟು ಚದರ ಮೀಟರ್ ಎಚ್‌ಎಫ್‌ಎಲ್ ಕೆಳಗಿದೆ, ಅದನ್ನು ಪೂರ್ತಿ ಖಾಲಿ ಬಿಟ್ಟಿದ್ದೇವೆ. ಪೂರ್ವಕ್ಕೆ ಮೋಜಣಿ (ಸರ್ವೆ) ನಕ್ಷೆಯಲ್ಲಿ ತೋರಿಸಿದ ಹಳ್ಳ ಇದೆ. ಕಟ್ಟಲು ಉಳಿಯುವ ಜಾಗದ ಅಗಲ ಇಷ್ಟು. ನಿಯಮದ ಪ್ರಕಾರ ಪಶ್ಚಿಮಕ್ಕೆ 3 ಮೀಟರ್ ಬಿಟ್ಟರೆ ಕೋಣೆಗೆ ಬೇಕಾದ ಕನಿಷ್ಠ ಅಗಲವೂ ಉಳಿಯುವುದಿಲ್ಲ. ಆದ್ದರಿಂದ ಆ ಒಂದು ಬದಿಗೆ ಮಾತ್ರ 2 ಮೀಟರಿಗೆ ಒಪ್ಪಿಗೆ ಕೋರಿದೆ. ಎಫ್‌ಎಸ್‌ಐ, ರಸ್ತೆ ಬದಿಯ ಅಂತರ, ಪಾರ್ಕಿಂಗ್ ನಿಯಮದಂತೆಯೇ ಇವೆ.' ಅಂಕಿಗಳನ್ನು ಉದಾಹರಣೆಗೆ ಹಾಕಿದ್ದೇನೆ, ನಿಮ್ಮ ನಕ್ಷೆಯದ್ದು ತುಂಬಿಸಿ. ಎಲ್ಲವೂ ಮರಾಠಿಯಲ್ಲಿರಲಿ.

ಜೊತೆಗೆ ಎರಡು ನಕ್ಷೆ ಕೊಡಿ. ಒಂದರಲ್ಲಿ ನಿಯಮದ ಪ್ರಕಾರ ಎಲ್ಲ ಮಾರ್ಜಿನ್ ಬಿಟ್ಟರೆ ಮನೆ ಹೇಗೆ ನಿಲ್ಲುವುದಿಲ್ಲ ಎನ್ನುವುದು, ಇನ್ನೊಂದರಲ್ಲಿ ನೀವು ಕೇಳುತ್ತಿರುವುದು. ಮೊದಲನೆಯದನ್ನು ಯಾರೂ ಕೊಡುವುದಿಲ್ಲ. ಆದರೆ ಮೇಜಿನ ಆಚೆ ಕೂತ ಅಧಿಕಾರಿ ಕಡತದಲ್ಲಿ ಕಾರಣ ಬರೆಯಲೇಬೇಕು, ನಾಳೆ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಅವರು ಅದಕ್ಕೆ ಉತ್ತರ ಕೊಡಬೇಕು. ಬರೆಯುವುದಕ್ಕೆ ಕಾರಣವನ್ನು ನೀವೇ ಒದಗಿಸಿದರೆ ಅವರಿಗೂ ಹಗುರ. ಪಶ್ಚಿಮದ ನೆರೆಯವರ ಲಿಖಿತ ಒಪ್ಪಿಗೆ ಇದ್ದರೆ ಲಗತ್ತಿಸಿ, ಕಡ್ಡಾಯ ಅಲ್ಲದಿದ್ದರೂ ಉಪಯೋಗಕ್ಕೆ ಬರುತ್ತದೆ. ಭೂಮಿ ಅಭಿಲೇಖ ಇಲಾಖೆಯಿಂದ ಹದ್ದು ಗುರುತಿಸಿದ ಮೋಜಣಿ ನಕ್ಷೆ, ಅಂದರೆ 'ಕ' ಪ್ರತಿ, ಇರಲೇಬೇಕು. ಖಾಸಗಿ ಸರ್ವೇಯರ ಕಂಟೂರ್ ನಕ್ಷೆ ಅದರ ಬದಲಿಗಲ್ಲ, ಅದರ ಮೇಲೆ. ಜಲಸಂಪನ್ಮೂಲ ಇಲಾಖೆಯ ನಾಹರಕತ್ ಪತ್ರ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಕೈಯಲ್ಲಿಟ್ಟುಕೊಂಡೇ ಅರ್ಜಿ ಹಾಕಿ. ಅದಿಲ್ಲದೆ ಹಾಕಿದರೆ ಕಡತ ಆ ಕಚೇರಿಗೂ ಈ ಕಚೇರಿಗೂ ಓಡಾಡುತ್ತಾ ಕೂರುತ್ತದೆ.

ಸ್ವಯಂಕೃತ ಕಷ್ಟಕ್ಕೆ ಇಲ್ಲೂ ಬೆಲೆ ಇಲ್ಲ. ಪ್ಲಿಂತ್ ಹಾಕಿ ಆಯಿತು, ದುಡ್ಡು ಹೋಯಿತು ಎನ್ನುವುದು ಅರ್ಜಿಗೆ ಕಾರಣ ಆಗುವುದಿಲ್ಲ. ಅನುಮತಿ ಇಲ್ಲದೆ ಕಟ್ಟುವುದು ಎಂಆರ್‌ಟಿಪಿ 52ನೇ ಕಲಂ ಪ್ರಕಾರ ಅಪರಾಧ, ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಂತಿದೆ. ಏಜೆಂಟರು '60 ದಿನದಲ್ಲಿ ಉತ್ತರ ಬರದಿದ್ದರೆ ಅನುಮತಿ ಸಿಕ್ಕಂತೆಯೇ' ಎನ್ನಬಹುದು. ಕಾಯ್ದೆಯಲ್ಲಿ ಆ ಮಾತು ಇದೆ. ಆದರೆ ನಕ್ಷೆ ನಿಯಮಕ್ಕೆ ಪೂರ್ತಿ ಹೊಂದಿಕೊಂಡಿದ್ದರೆ ಮಾತ್ರ. ಸಡಿಲಿಕೆ ಬೇಡುವ ನಕ್ಷೆ ಹೊಂದಿಕೊಂಡಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ. ತಿರಸ್ಕಾರ ಆದರೆ 47ನೇ ಕಲಂ ಪ್ರಕಾರ ಆದೇಶ ತಲುಪಿದ 40 ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು. ಲಕೋಟೆ ಬಂದ ತಾರೀಖು ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಮಿನೆಸೋಟಾದಲ್ಲಾಗಲಿ ಮಾವಳದಲ್ಲಾಗಲಿ ದಂಡೆಯಿಂದ ದೂರ ಇರಿ ಅನ್ನುವುದಕ್ಕೆ ಅದೇ ದೊಡ್ಡ ಕಾರಣ: ಶೌಚದ ನೀರು. ಆ ಕಡೆ ಒಳಚರಂಡಿ ಇಲ್ಲ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಯಾವುದೇ ಮೂಲದಿಂದ ಕನಿಷ್ಠ 18 ಮೀಟರ್ ದೂರ ಇರಬೇಕು. ಅದು ಬಾವಿ, ಬೋರ್‌ವೆಲ್ ನೋಡಿ ಮಾಡಿದ ಲೆಕ್ಕ. ದಂಡೆಯ ಮಣ್ಣಿನಲ್ಲಿ ಮಳೆಗಾಲಕ್ಕೆ ಅಂತರ್ಜಲ ಮೇಲೇ ಬಂದು ನಿಲ್ಲುತ್ತದೆ, ಇಂಗುಗುಂಡಿ ಇಂಗುವುದೇ ಇಲ್ಲ, ತುಂಬಿ ಹರಿಯುತ್ತದೆ. ಹರಿದು ಸೇರುವುದು ಪವನಾಕ್ಕೆ. ಆ ನೀರನ್ನೇ ಪಿಂಪ್ರಿ ಚಿಂಚವಾಡ ಕುಡಿಯುತ್ತದೆ, ಈಗ ನೀವೂ ಕುಡಿಯುತ್ತಿದ್ದೀರಿ. ಆದ್ದರಿಂದ ಗುಂಡಿಯನ್ನು ಮನೆಯ ಹಿಂಬದಿ, ರಸ್ತೆ ಕಡೆ, ಎತ್ತರದ ಜಾಗದಲ್ಲಿ ಇಡಿಸಿ. ಇಳಿಜಾರು ಸಾಲದಿದ್ದರೆ ಪುಟ್ಟ ಪಂಪು ಹಾಕಿದರಾಯಿತು. ಸಡಿಲಿಕೆ ಅರ್ಜಿಯಲ್ಲಿ ಇದನ್ನು ನೀವಾಗಿಯೇ ತೋರಿಸಿದರೆ 'ಆರೋಗ್ಯಕ್ಕೆ ಧಕ್ಕೆ ಇಲ್ಲ' ಎಂಬ ಷರತ್ತಿಗೆ ಉತ್ತರ ಸಿಕ್ಕ ಹಾಗೂ ಆಯಿತು.

ರಸ್ತೆ ವಿಷಯ ಚಿಕ್ಕದಾಗಿ: ಕಾರು ಹೋಗುತ್ತದೆ ಅಂದ ಮಾತ್ರಕ್ಕೆ ದಾರಿ ಇದೆ ಅಂತಲ್ಲ. ನಕ್ಷೆಯಲ್ಲಿ ಇಲ್ಲದಿದ್ದರೆ ಮಾಲೀಕರ ಉಳಿದ ಜಮೀನಿನ ಮೂಲಕ ನೋಂದಾಯಿತ ದಾರಿ ಹಕ್ಕನ್ನು ಖರೇದಿ ಪತ್ರದಲ್ಲೇ ಬರೆಸಿ.

ಟೋಕನ್ ವಿಚಾರ. ಇಸಾರ್ ಪಾವತಿ (ಮುಂಗಡದ ಲಿಖಿತ ರಸೀದಿ) ಬರೆದುಕೊಂಡಿದ್ದೀರಾ, ಬರೀ ಜಿಪೇ ಮಾಡಿದ್ದೀರಾ ಗೊತ್ತಾಗಲಿಲ್ಲ. ಎರಡನೆಯದಾಗಿದ್ದರೆ ಈಗಲೇ ಒಂದು ಕರಾರು ಬರೆಸಿ. ಝೋನ್ ದಾಖಲೆ, ಇಲಾಖೆಯ ಮಟ್ಟದ ಪತ್ರ, ಮೋಜಣಿ ಮೂರೂ ಬಂದು, 14 ಗುಂಟೆಯಲ್ಲಿ ಕಟ್ಟಲು ಯೋಗ್ಯ ಜಾಗ ಇಂತಿಷ್ಟು ಎಂದು ತೋರಿದರೆ ಮಾತ್ರ ಖರೇದಿ, ಇಲ್ಲದಿದ್ದರೆ ಹಣ ವಾಪಸ್. ಮಾಲೀಕರು ಒಪ್ಪದಿದ್ದರೆ ಜಾಗದ ಬಗ್ಗೆ ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದು ಏನೋ ಇದೆ. ಒಪ್ಪಿದರೆ, ಮೂರು ಎಕರೆ ಇದ್ದವರ ಹತ್ತಿರ ಇನ್ನೊಂದು ಮಾತೂ ಆಡಿ ನೋಡಿ. ನೀರಿನಿಂದ ಹಿಂದಕ್ಕೆ, ಎತ್ತರದಲ್ಲಿ, 40 ಗುಂಟೆಗೆ ಎಷ್ಟು ಕೇಳುತ್ತಾರೆ? ದಂಡೆಯ ಗುಂಟೆಗೂ ಮೇಲಿನ ಗುಂಟೆಗೂ ದರ ಬಹಳ ಬೇರೆ. ಎರಡನೇ ಸಾಲಿನ ಒಂದು ಎಕರೆ ನಿಮ್ಮ 14 ಗುಂಟೆಯ ಬೆಲೆಗೆ ಹತ್ತಿರ ಬಂದರೆ ನಾನಂತೂ ಅದನ್ನೇ ಹಿಡಿಯುತ್ತೇನೆ. ತೋಟದ ಮನೆಗೆ ಸೀದಾ ದಾರಿ, ತುಕಡೇಬಂದಿ ಇಲ್ಲ, ಮಾರ್ಜಿನ್ ಬೇಡಿಕೆ ಇಲ್ಲ, ಎತ್ತರದಿಂದ ನೀರೂ ಕಾಣುತ್ತದೆ. ಕೃಷಿಕ ಪ್ರಮಾಣಪತ್ರ ಮಾತ್ರ ಅದಕ್ಕೂ ಬೇಕು.

ಆರ್ಕಿಟೆಕ್ಟರ ನಕ್ಷೆಯಲ್ಲಿ ನೀರಿಗೆ ಇಳಿಯುವ ಮೆಟ್ಟಿಲು, ಮರದ ಕಟ್ಟೆ ಏನಾದರೂ ಇದೆಯಾ ನೋಡಿ. ಇದ್ದರೆ ಸಲ್ಲಿಸುವ ಮೊದಲು ತೆಗೆಸಿಬಿಡಿ. ಆ ನೆಲ ಇಲಾಖೆಯದು. ಅಲ್ಲಿ ಒಂದು ಮೆಟ್ಟಿಲು ತೋರಿಸಿದರೂ ನಾಹರಕತ್ ಪತ್ರಕ್ಕೆ ಹೋದ ಕಡತ ಅಲ್ಲೇ ನಿಲ್ಲುತ್ತದೆ.